ಫೈರ್‌ವಾಲ್ ಮುಚ್ಚಿದ್ದರೂ ಕಂಟೇನರ್‌ನ ಬಾಗಿಲು ತೆರೆದೇ ಇತ್ತು: ಮಂಡಿ ಲೆಕ್ಕದ ಸರ್ವರ್‌ನಲ್ಲಿ ನಡೆದದ್ದು

ಕ್ರೇಟ್‌ಲೆಕ್ಕ, ಕೋಲಾರ · ಶನಿವಾರ, ರಾತ್ರಿ 9.20

ಕೋಲಾರ ಎಪಿಎಂಸಿಯ ಆರು ಟೊಮೆಟೊ ಮಂಡಿಗಳಿಗೆ ನಾವು ಮೂವರು ಗೆಳೆಯರು ಲೆಕ್ಕದ ತಂತ್ರಾಂಶವೊಂದನ್ನು ಮಾಡಿಕೊಟ್ಟು ನಡೆಸುತ್ತಿದ್ದೇವೆ. ಯಾವ ರೈತರಿಂದ ಹದಿನೈದು ಕಿಲೋದ ಎಷ್ಟು ಕ್ರೇಟು ಬಂತು, ಹರಾಜಿನಲ್ಲಿ ಯಾವ ದರಕ್ಕೆ ಹೋಯಿತು, ಲಾರಿ ಬಾಡಿಗೆ ಮತ್ತು ಹಮಾಲಿ ಕಳೆದು ರೈತರ ಕೈಗೆ ಎಷ್ಟು ಸೇರಬೇಕು ಎಂಬುದೆಲ್ಲ ಅದರಲ್ಲಿದೆ; ಹಣವನ್ನು ನೇರವಾಗಿ ಖಾತೆಗೆ ಹಾಕುವ ಮಂಡಿಗಳ ಸಲುವಾಗಿ ರೈತರ ಬ್ಯಾಂಕ್ ಖಾತೆ ಸಂಖ್ಯೆ ಮತ್ತು ಮೊಬೈಲ್ ಸಂಖ್ಯೆಗಳೂ ಇವೆ. ಬಾಡಿಗೆಗೆ ಪಡೆದ ಒಂದೇ ಉಬುಂಟು ಸರ್ವರ್‌ನಲ್ಲಿ ಡಾಕರ್ ಕಂಪೋಸ್ (ಹಲವು ಕಂಟೇನರ್‌ಗಳನ್ನು ಒಂದೇ ಕಡತದ ಸೂಚನೆಯಂತೆ ನಡೆಸುವ ಸಾಧನ) ಮೂಲಕ ಮೂರು ಕಂಟೇನರ್‌ಗಳು, ಅಂದರೆ ಒಂದೊಂದು ಪ್ರೋಗ್ರಾಂ ಅನ್ನು ಬೇರೆಯಾಗಿಡುವ ಆವರಣಗಳು, ಓಡುತ್ತವೆ: ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್, ನಡುವೆ ನೋಡ್‌ನಲ್ಲಿ (ಜಾವಾಸ್ಕ್ರಿಪ್ಟ್) ಬರೆದ ಅಪ್ಲಿಕೇಶನ್, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್.

ಗುರುವಾರ ಬೆಳಿಗ್ಗೆ ಹರಾಜಿನ ಹೊತ್ತಿಗೆ ಸರಿಯಾಗಿ ಪುಟಗಳು ತೆರೆಯುವುದು ನಿಂತಿತು. ಸರ್ವರ್ ಒಳಗೆ ಹೋಗಿ ಟಾಪ್ ಆಜ್ಞೆ ಕೊಟ್ಟು ನೋಡಿದಾಗ ನಾಲ್ಕೂ ಕೋರ್‌ಗಳು ಪೂರ್ತಿ ದುಡಿಯುತ್ತಿದ್ದವು, ಮತ್ತು ಅಷ್ಟನ್ನೂ ಒಂದೇ ಪ್ರಕ್ರಿಯೆ ತಿನ್ನುತ್ತಿತ್ತು. ಅದರ ಹೆಸರು 'ಕೆಡೆವ್‌ಟಿಎಂಪಿಎಫ್‌ಎಸ್‌ಐ'. ಮೊದಲು ನಾನು ಅದನ್ನು ಲಿನಕ್ಸ್ ಕರ್ನಲ್‌ನದೇ (ಆಪರೇಟಿಂಗ್ ಸಿಸ್ಟಂನ ತಿರುಳು) ಕೆಲಸ ಎಂದುಕೊಂಡೆ, ಏಕೆಂದರೆ 'ಕೆಡೆವ್‌ಟಿಎಂಪಿಎಫ್‌ಎಸ್' ಎಂಬ ನಿಜವಾದ ಕರ್ನಲ್ ಪ್ರಕ್ರಿಯೆ ಪ್ರತಿ ಸರ್ವರ್‌ನಲ್ಲೂ ಇರುತ್ತದೆ. ಕೊನೆಯಲ್ಲಿ ಸೇರಿಕೊಂಡಿದ್ದ ಒಂದು 'ಐ' ಅಕ್ಷರ ಕಣ್ಣಿಗೆ ಬೀಳಲು ಕಾಲು ಗಂಟೆ ಹಿಡಿಯಿತು. ಅದು ಬೇರೆಯವರ ಯಂತ್ರದಲ್ಲಿ ಕದ್ದು ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡುವ 'ಕಿನ್ಸಿಂಗ್' ಎಂಬ ಕುತಂತ್ರಾಂಶದ ಭಾಗವೆಂದು ಆಮೇಲೆ ತಿಳಿಯಿತು. ಕೊಂದರೆ ಒಂದು ನಿಮಿಷದೊಳಗೆ ಮತ್ತೆ ಹುಟ್ಟುತ್ತಿತ್ತು. ಗಾಬರಿಯಲ್ಲಿ ಪೋಸ್ಟ್‌ಗ್ರೆಸ್ ಕಂಟೇನರನ್ನೇ ಅಳಿಸಿ, ಹಳೆಯ ವಾಲ್ಯೂಮ್ (ದತ್ತಾಂಶ ಇರುವ ಡಿಸ್ಕ್ ಜಾಗ) ಇಟ್ಟುಕೊಂಡು ಹೊಸದನ್ನು ಎಬ್ಬಿಸಿದೆವು. ಶುಕ್ರವಾರ ಮಧ್ಯಾಹ್ನ ಅದು ಮತ್ತೆ ಬಂದಿತ್ತು.

ನನಗೆ ಅರ್ಥವಾಗದಿರುವುದು ಇದು: ಉಬುಂಟುವಿನ ಯುಎಫ್‌ಡಬ್ಲ್ಯೂ ಫೈರ್‌ವಾಲ್‌ನಲ್ಲಿ ನಾವು 22 (ದೂರದಿಂದ ಲಾಗಿನ್), 80 ಮತ್ತು 443 (ವೆಬ್) ಬಿಟ್ಟು ಉಳಿದೆಲ್ಲ ಪೋರ್ಟ್‌ಗಳನ್ನು, ಅಂದರೆ ಜಾಲದಿಂದ ಒಳಬರುವ ಸಂಖ್ಯೆಯ ಬಾಗಿಲುಗಳನ್ನು, ಮುಚ್ಚಿದ್ದೇವೆ, ಸ್ಥಿತಿ ಕೇಳಿದರೆ ಅದೂ ಹಾಗೆಯೇ ಹೇಳುತ್ತದೆ. ಆದರೂ ಡೇಟಾಬೇಸ್ ಕಂಟೇನರ್ ಒಳಗೆ ಹೊರಗಿನವರು ಹೇಗೆ ಬಂದರು?

ಬಂಗಾರಪೇಟೆ_ಲೋಕಲ್ · ಶನಿವಾರ, ರಾತ್ರಿ 10.05

ನಿಮ್ಮ ಕಂಪೋಸ್ ಕಡತದಲ್ಲಿ ಪೋಸ್ಟ್‌ಗ್ರೆಸ್ ಸೇವೆಯ ಕೆಳಗೆ ಪೋರ್ಟ್ಸ್ ಎಂಬ ಸಾಲಿನಲ್ಲಿ 5432:5432 ಎಂದು ಬರೆದಿದ್ದೀರಾ, ಅಂದರೆ ಪೋಸ್ಟ್‌ಗ್ರೆಸ್‌ನ ಪೋರ್ಟನ್ನು ಸರ್ವರ್‌ನ ಹೊರಗೂ ಪ್ರಕಟಿಸಿದ್ದೀರಾ? ಬರೆದಿದ್ದರೆ ಉತ್ತರ ಅಲ್ಲೇ ಇದೆ.

ಯುಎಫ್‌ಡಬ್ಲ್ಯೂ ನಿಯಮಗಳು ಐಪಿಟೇಬಲ್ಸ್‌ನ (ಲಿನಕ್ಸ್‌ನ ಪ್ಯಾಕೆಟ್ ಸೋಸುವ ವ್ಯವಸ್ಥೆ) ಇನ್‌ಪುಟ್ ಸರಪಳಿಯಲ್ಲಿ ಕುಳಿತಿರುತ್ತವೆ, ಅಂದರೆ ಸರ್ವರ್‌ಗೇ ಬಂದ ಪ್ಯಾಕೆಟ್‌ಗಳನ್ನು ಮಾತ್ರ ಅವು ತಡೆದು ನೋಡುತ್ತವೆ. ಆದರೆ ನೀವು ಕಂಟೇನರ್‌ನ ಪೋರ್ಟ್ ಪ್ರಕಟಿಸಿದಾಗ ಡಾಕರ್ ತಾನೇ ನ್ಯಾಟ್ (ವಿಳಾಸ ಬದಲಿಸುವ) ಕೋಷ್ಟಕದಲ್ಲಿ ಒಂದು ನಿಯಮ ಸೇರಿಸಿ, ಬಂದ ಪ್ಯಾಕೆಟ್‌ನ ವಿಳಾಸವನ್ನು ಹೊಸಿಲಲ್ಲೇ ಕಂಟೇನರ್‌ನ ವಿಳಾಸಕ್ಕೆ ಬದಲಿಸಿಬಿಡುತ್ತದೆ. ವಿಳಾಸ ಬದಲಾದ ಪ್ಯಾಕೆಟ್ ಫಾರ್ವರ್ಡ್ ಸರಪಳಿಯ ದಾರಿ ಹಿಡಿಯುತ್ತದೆ. ಇನ್‌ಪುಟ್ ಕಡೆಗೆ ಅದು ಬರುವುದೇ ಇಲ್ಲ. ಯುಎಫ್‌ಡಬ್ಲ್ಯೂ ಸುಳ್ಳು ಹೇಳಲಿಲ್ಲ, ತಾನು ಕಾಯುವ ಬಾಗಿಲಿನ ಬಗ್ಗೆ ನಿಜವನ್ನೇ ಹೇಳಿತು, ಆ ಪ್ಯಾಕೆಟ್ ಬಂದ ಬಾಗಿಲು ಬೇರೆ.

ಪರಿಹಾರವೂ ಸರಳವಾಗಿದೆ. ಒಂದೇ ಕಂಪೋಸ್ ಜಾಲದಲ್ಲಿರುವ ಕಂಟೇನರ್‌ಗಳು ಸೇವೆಯ ಹೆಸರಿನಿಂದಲೇ ಒಂದನ್ನೊಂದು ತಲುಪುತ್ತವೆ, ಆದ್ದರಿಂದ ಡೇಟಾಬೇಸ್‌ಗೆ ಪೋರ್ಟ್ಸ್ ಸಾಲು ಬೇಕಾಗಿಯೇ ಇಲ್ಲ, ತೆಗೆದುಹಾಕಿ. ನಿಮ್ಮ ಲ್ಯಾಪ್‌ಟಾಪ್‌ನಿಂದ ಕೋಷ್ಟಕಗಳನ್ನು ನೋಡಲೇಬೇಕೆಂದರೆ 127.0.0.1:5432:5432 (ಸರ್ವರ್‌ನ ಒಳಗಿನಿಂದ ಮಾತ್ರ ತಲುಪುವಂತೆ) ಎಂದು ಬರೆದು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಗೂಢಲಿಪಿ ಸಂಪರ್ಕ) ಸುರಂಗದ ಮೂಲಕ ಹೋಗಿ. ಇದರಲ್ಲೂ ಒಂದು ಎಚ್ಚರಿಕೆಯಿದೆ: ಡಾಕರ್ ಎಂಜಿನ್ 28ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಹೀಗೆ ಬರೆದ ಪೋರ್ಟನ್ನೂ ಅದೇ ಸ್ಥಳೀಯ ಜಾಲದ ನೆರೆಯ ಯಂತ್ರಗಳು ತಲುಪಬಹುದಾಗಿತ್ತು. ಪ್ರಕಟಿಸಿದ ಪೋರ್ಟ್‌ಗಳಿಗೆ ನಿಮ್ಮದೇ ನಿರ್ಬಂಧ ಹಾಕಬೇಕಾದರೆ ಅದಕ್ಕೆಂದೇ ಡಾಕರ್-ಯೂಸರ್ ಎಂಬ ಸರಪಳಿ ಇದೆ. ಸಾಧ್ಯವಿದ್ದರೆ ಸರ್ವರ್ ಬಾಡಿಗೆಗೆ ಕೊಟ್ಟವರ ಕಡೆಯ ಫೈರ್‌ವಾಲನ್ನೂ ಬಳಸಿ, ಅದು ನಿಮ್ಮ ಯಂತ್ರದ ಹೊರಗೇ ಇರುವುದರಿಂದ ಡಾಕರ್ ಅದನ್ನು ಮುಟ್ಟಲಾರದು.

ಕ್ರೇಟ್‌ಲೆಕ್ಕ, ಕೋಲಾರ · ಶನಿವಾರ, ರಾತ್ರಿ 10.40

ಹೌದು, ಆ ಸಾಲು ಇತ್ತು. ಆರಂಭದಲ್ಲಿ ಮನೆಯಿಂದ ಕೋಷ್ಟಕ ನೋಡಲೆಂದು ಸೇರಿಸಿದ್ದೆವು, ಆಮೇಲೆ ತೆಗೆಯಲು ಮರೆತೆವು. ಅದಕ್ಕಿಂತ ದೊಡ್ಡ ತಪ್ಪೆಂದರೆ ಬಳಕೆದಾರರ ಹೆಸರು ಮತ್ತು ಗುಪ್ತಪದ ಎರಡೂ 'ಪೋಸ್ಟ್‌ಗ್ರೆಸ್' ಎಂದೇ ಇದ್ದವು; ಒಳಗಿನ ಜಾಲದಲ್ಲಿ ತಾನೇ ಇದೆ ಎಂಬ ಧೈರ್ಯ. ಈಗ ಸಾಲನ್ನು ತೆಗೆದಿದ್ದೇನೆ, ಕಂಪೋಸ್ ಕಡತದಲ್ಲಿ ಗುಪ್ತಪದವನ್ನು ಉದ್ದವಾದದ್ದಕ್ಕೆ ಬದಲಿಸಿ ಕಂಟೇನರನ್ನು ಮತ್ತೆ ಎಬ್ಬಿಸಿದ್ದೇನೆ.

ಗೂಡುಸಂತೆ, ಶಿಡ್ಲಘಟ್ಟ · ಶನಿವಾರ, ರಾತ್ರಿ 11.15

ಗುಪ್ತಪದ ಬದಲಾಗಿಲ್ಲ. ದಯವಿಟ್ಟು ಈಗಲೇ ಪರೀಕ್ಷಿಸಿ.

ಪೋಸ್ಟ್‌ಗ್ರೆಸ್‌ನ ಅಧಿಕೃತ ಇಮೇಜ್‌ನಲ್ಲಿ (ಕಂಟೇನರ್ ಹುಟ್ಟುವ ಸಿದ್ಧ ಅಚ್ಚು) ಪರಿಸರ ಚರಾಂಶದ (ಪ್ರೋಗ್ರಾಂ ಎದ್ದಾಗ ಕೊಡುವ ಸೆಟ್ಟಿಂಗ್) ಮೂಲಕ ಕೊಡುವ ಗುಪ್ತಪದ ಕೆಲಸ ಮಾಡುವುದು ದತ್ತಾಂಶದ ಡೈರೆಕ್ಟರಿ ಖಾಲಿ ಇದ್ದಾಗ ಮಾತ್ರ, ಅಂದರೆ ಮೊಟ್ಟಮೊದಲ ಸಲ. ನಿಮ್ಮದು ಹಳೆಯ ವಾಲ್ಯೂಮ್, ಆದ್ದರಿಂದ ಹೊಸ ಪದವನ್ನು ಅದು ಓದಿಯೇ ಇಲ್ಲ. ಡೇಟಾಬೇಸ್ ಒಳಗೆ ಹೋಗಿ ಆಲ್ಟರ್ ರೋಲ್ ಆಜ್ಞೆಯಿಂದಲೇ ಬದಲಿಸಬೇಕು. ಕಂಟೇನರ್ ಒಳಗಿನಿಂದ ಪಿಎಸ್‌ಕ್ಯುಎಲ್ ಎಂಬ ಆಜ್ಞಾ ಸಾಧನ ತೆರೆದರೆ ಗುಪ್ತಪದ ಕೇಳದೆಯೇ ಬಿಡುತ್ತದೆ, ಅದನ್ನು ನೋಡಿ ಸರಿಯಾಗಿದೆ ಎಂದುಕೊಳ್ಳಬೇಡಿ. ಬೇರೊಂದು ಕಂಟೇನರ್‌ನಿಂದ ಹಳೆಯ ಗುಪ್ತಪದ ಕೊಟ್ಟು ಪ್ರಯತ್ನಿಸಿ.

ಇನ್ನು, ಡೇಟಾಬೇಸ್‌ಗೆ ಬಂದವರು ಗಣಿಗಾರಿಕೆಯ ಪ್ರೋಗ್ರಾಂ ಹೇಗೆ ಓಡಿಸಿದರು ಎಂಬುದು ನಿಮ್ಮ ಮುಂದಿನ ಪ್ರಶ್ನೆಯಾಗಿರಬೇಕು. ಪೋಸ್ಟ್‌ಗ್ರೆಸ್ 9.3ರಿಂದ, ಅಂದರೆ 2013ರಿಂದ, ಕಾಪಿ ಫ್ರಂ ಪ್ರೋಗ್ರಾಂ ಎಂಬ ಸೌಲಭ್ಯವಿದೆ. ಡೇಟಾಬೇಸ್ ಸರ್ವರ್ ಇರುವ ಯಂತ್ರದಲ್ಲಿ ಒಂದು ಶೆಲ್ ಆಜ್ಞೆ ಓಡಿಸಿ ಅದರ ಫಲವನ್ನು ಕೋಷ್ಟಕಕ್ಕೆ ತುಂಬಿಸುವ ಸೌಲಭ್ಯ ಅದು. ಸೂಪರ್‌ಯೂಸರ್ (ಡೇಟಾಬೇಸ್‌ನಲ್ಲಿ ಎಲ್ಲ ಅಧಿಕಾರವಿರುವ ಬಳಕೆದಾರ) ಆದವರಿಗೆ ಅದು ಸದಾ ತೆರೆದಿರುತ್ತದೆ. ಇಮೇಜ್ ಮೊದಲ ಸಲ ಎದ್ದಾಗ ಹುಟ್ಟಿಸುವ ಬಳಕೆದಾರ ಸೂಪರ್‌ಯೂಸರೇ ಆಗಿರುತ್ತಾನೆ, ಮತ್ತು ನಮ್ಮಲ್ಲಿ ಬಹಳಷ್ಟು ಜನ ಅಪ್ಲಿಕೇಶನ್‌ಗೂ ಅದನ್ನೇ ಕೊಟ್ಟಿರುತ್ತೇವೆ. ಹೊರಗಿನ ಬಾಗಿಲು ಮುಚ್ಚಿದ ಮೇಲೂ ನಾಳೆ ನಿಮ್ಮ ನೋಡ್ ಅಪ್ಲಿಕೇಶನ್‌ನಲ್ಲಿ ಒಂದು ಎಸ್‌ಕ್ಯುಎಲ್ ಇಂಜೆಕ್ಷನ್ ದೋಷ (ಹೊರಗಿನವರು ಡೇಟಾಬೇಸ್ ಆಜ್ಞೆ ತೂರಿಸಲು ಬಿಡುವ ತಪ್ಪು) ಸಿಕ್ಕರೆ ದಾಳಿಕೋರರು ಅದೇ ಮೆಟ್ಟಿಲು ಹತ್ತುತ್ತಾರೆ. ಅಪ್ಲಿಕೇಶನ್‌ಗೆ ಬೇರೆ ರೋಲ್ (ಡೇಟಾಬೇಸ್ ಬಳಕೆದಾರ) ಮಾಡಿ, ಅದಕ್ಕೆ ಬೇಕಾದ ಕೋಷ್ಟಕಗಳ ಅನುಮತಿ ಮಾತ್ರ ಕೊಡಿ.

ಇದರ ಜೊತೆಗೆ ಡೇಟಾಬೇಸ್ ಇರುವ ಜಾಲವನ್ನು ಕಂಪೋಸ್‌ನಲ್ಲಿ ಇಂಟರ್ನಲ್ ಎಂದು ಗುರುತಿಸಿ. ಆಗ ಆ ಕಂಟೇನರ್‌ನಿಂದ ಹೊರಗಿನ ಅಂತರಜಾಲಕ್ಕೆ ದಾರಿಯೇ ಇರುವುದಿಲ್ಲ. ನಾವೆಲ್ಲ ಒಳಗೆ ಬರುವುದನ್ನು ತಡೆಯುವ ಬಗ್ಗೆಯೇ ಯೋಚಿಸುತ್ತೇವೆ. ನಿಮಗಾದ ಹಾನಿಯಲ್ಲಿ ಒಳಗಿನಿಂದ ಹೊರಗೆ ಹೋಗಿ ಪ್ರೋಗ್ರಾಂ ಇಳಿಸಿಕೊಂಡು ಬಂದದ್ದೇ ನಿರ್ಣಾಯಕ ಹೆಜ್ಜೆ. ಡೇಟಾಬೇಸ್‌ಗೆ ಅಂತರಜಾಲದಲ್ಲಿ ಏನು ಕೆಲಸ?

ಮೇಷ್ಟ್ರು, ಚಿಂತಾಮಣಿ · ಭಾನುವಾರ, ಬೆಳಿಗ್ಗೆ 7.30

ಮಕ್ಕಳಿಗೆ ಆಪರೇಟಿಂಗ್ ಸಿಸ್ಟಂ ಪಾಠ ಮಾಡುವವನಾಗಿ ಒಂದು ಮಾತು ಸೇರಿಸುತ್ತೇನೆ. ಕಂಟೇನರ್ ಎಂದರೆ ಸಣ್ಣ ವರ್ಚುಯಲ್ ಯಂತ್ರ ಎಂದು ಹುಡುಗರು ಉತ್ತರ ಬರೆಯುತ್ತಾರೆ, ಅದು ತಪ್ಪು. ನಮ್ಮ ಹಳೆಯ ವಠಾರಗಳನ್ನು ನೆನಪಿಸಿಕೊಳ್ಳಿ: ಒಬ್ಬೊಬ್ಬರಿಗೆ ಒಂದೊಂದು ಮನೆ, ನಡುವೆ ಗೋಡೆ, ಆದರೆ ನೀರು ಸೇದುವ ಬಾವಿ ಎಲ್ಲರಿಗೂ ಒಂದೇ. ಕಂಟೇನರ್‌ಗಳಲ್ಲಿ ಆ ಬಾವಿ ಲಿನಕ್ಸ್ ಕರ್ನಲ್. ನೇಮ್‌ಸ್ಪೇಸ್‌ಗಳು ಯಾರಿಗೆ ಏನು ಕಾಣಬೇಕು ಎಂಬುದನ್ನು ವಿಂಗಡಿಸುತ್ತವೆ, ಸಿಗ್ರೂಪ್‌ಗಳು ಯಾರು ಎಷ್ಟು ಬಳಸಬಹುದು ಎಂಬುದನ್ನು ಅಳೆಯುತ್ತವೆ, ಸೆಕ್‌ಕಾಂಪ್ ಕೆಲವು ಸಿಸ್ಟಂ ಕರೆಗಳನ್ನು ತಡೆಯುತ್ತದೆ. ಕ್ರೇಟ್‌ಲೆಕ್ಕ ಅವರ ಡೇಟಾಬೇಸ್‌ಗೆ ಸಿಪಿಯು ಮಿತಿ ಹಾಕಿದ್ದರೆ ಗಣಿಗಾರಿಕೆ ನಾಲ್ಕೂ ಕೋರ್ ನುಂಗಿ ಹರಾಜಿನ ಹೊತ್ತಿನಲ್ಲಿ ಮಂಡಿಗಳನ್ನು ನಿಲ್ಲಿಸುತ್ತಿರಲಿಲ್ಲ, ಆದರೆ ಬಹುಶಃ ಇನ್ನೂ ತಡವಾಗಿ ಕಣ್ಣಿಗೆ ಬೀಳುತ್ತಿತ್ತು.

ಬಾವಿ ಕೆಟ್ಟರೆ ಗೋಡೆಗಳಿಂದ ಪ್ರಯೋಜನವಿಲ್ಲ. 2016ರ ಡರ್ಟಿ ಕೌ, 2022ರ ಡರ್ಟಿ ಪೈಪ್ ಇವೆರಡೂ ಕರ್ನಲ್‌ನ ದೋಷಗಳು. ಕಂಟೇನರನ್ನು ಎಬ್ಬಿಸುವ ರನ್‌ಸಿ ಎಂಬ ಪ್ರೋಗ್ರಾಂನಲ್ಲೂ ದೋಷಗಳು ಸಿಕ್ಕಿವೆ. 2019ರ ಫೆಬ್ರವರಿಯಲ್ಲಿ ಬಯಲಾದ ಸಿವಿಇ-2019-5736 ಎಂಬ ಕ್ರಮಸಂಖ್ಯೆಯ ದೋಷದಲ್ಲಿ ಕಂಟೇನರ್ ಒಳಗಿನ ರೂಟ್ (ಪೂರ್ಣ ಅಧಿಕಾರದ) ಬಳಕೆದಾರ ಹೋಸ್ಟ್‌ನಲ್ಲಿದ್ದ, ಅಂದರೆ ಕಂಟೇನರ್‌ಗಳನ್ನು ಹೊತ್ತ ಮೂಲ ಯಂತ್ರದಲ್ಲಿದ್ದ, ರನ್‌ಸಿ ಕಡತವನ್ನೇ ಬದಲಿಸಿಬಿಡಬಹುದಿತ್ತು. 2024ರ ಜನವರಿಯ ಸಿವಿಇ-2024-21626ರಲ್ಲಿ ರನ್‌ಸಿ ಮುಚ್ಚದೆ ಬಿಟ್ಟ ಒಂದು ಫೈಲ್ ಡಿಸ್ಕ್ರಿಪ್ಟರ್ (ತೆರೆದ ಕಡತದ ಹಿಡಿಕೆ) ಹಿಡಿದು ಹೋಸ್ಟ್‌ನ ಕಡತ ವ್ಯವಸ್ಥೆಗೆ ನಡೆದುಹೋಗಬಹುದಿತ್ತು, ಅದನ್ನು 1.1.12 ಆವೃತ್ತಿಯಲ್ಲಿ ಸರಿಪಡಿಸಿದರು. 2025ರ ನವೆಂಬರ್‌ನಲ್ಲಿ ಮತ್ತೆ ಮೂರು ದೋಷಗಳು ಪ್ರಕಟವಾದವು.

ಇಲ್ಲಿ ಜನ ಎರಡೂ ಕಡೆ ಎಡವುವುದನ್ನು ನಾನು ಕಂಡಿದ್ದೇನೆ. ಹೋಸ್ಟ್‌ನಲ್ಲಿ ಆಪ್ಟ್ ಅಪ್‌ಗ್ರೇಡ್ (ನವೀಕರಣದ ಆಜ್ಞೆ) ಕೊಟ್ಟವರು ಕಂಟೇನರ್‌ಗಳೂ ಹೊಸದಾದವು ಎಂದು ನಂಬುತ್ತಾರೆ, ಆದರೆ ಇಮೇಜ್ ಒಳಗಿನ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪೀಕರಣ ಲೈಬ್ರರಿ ಆ ಇಮೇಜ್ ಕಟ್ಟಿದ ದಿನದ್ದೇ ಆಗಿ ಉಳಿದಿರುತ್ತದೆ. ಇಮೇಜ್‌ಗಳನ್ನು ವಾರವಾರ ಕಟ್ಟುವವರು ಹೋಸ್ಟ್‌ನ ಕರ್ನಲ್ ಮರೆತಿರುತ್ತಾರೆ, ಹೊಸ ಕರ್ನಲ್ ಇಳಿದಿದ್ದರೂ ಸರ್ವರನ್ನು ಮರುಪ್ರಾರಂಭಿಸದೆ ವರ್ಷಗಟ್ಟಲೆ ಹಳೆಯದರಲ್ಲೇ ನಡೆಸುತ್ತಾರೆ.

ಮುಳಬಾಗಿಲು_ಕೋಟೆ · ಭಾನುವಾರ, ಬೆಳಿಗ್ಗೆ 9.10

ಮೇಷ್ಟ್ರ ಮಾತನ್ನು ಒಪ್ಪುವುದಾದರೆ ತೀರ್ಮಾನವೂ ಅದಕ್ಕೆ ತಕ್ಕಂತೆ ಇರಬೇಕು. ಆರು ಮಂಡಿಗಳ ಲೆಕ್ಕವನ್ನು, ಅದರಲ್ಲೂ ಬ್ಯಾಂಕ್ ಖಾತೆ ಸಂಖ್ಯೆಗಳನ್ನು, ಒಂದೇ ಕರ್ನಲ್ ಮೇಲೆ ಇಡುವುದೇ ಸರಿಯಲ್ಲ. ಪ್ರತಿ ಮಂಡಿಗೆ ಒಂದು ಸಣ್ಣ ವರ್ಚುಯಲ್ ಯಂತ್ರ, ಅದರಲ್ಲಿ ನೇರವಾಗಿ ಸ್ಥಾಪಿಸಿದ ಪೋಸ್ಟ್‌ಗ್ರೆಸ್; ಕಂಟೇನರ್ ಬೇಡವೇ ಬೇಡ. ನಾನು ನನ್ನ ಗ್ರಾಹಕರಿಗೆ ಹಾಗೆಯೇ ಮಾಡಿಕೊಡುತ್ತೇನೆ. ನೇರವಾಗಿ ಸ್ಥಾಪಿಸಿದ್ದರೆ ಯುಎಫ್‌ಡಬ್ಲ್ಯೂ ತನ್ನ ಕೆಲಸವನ್ನು ಮಾಡುತ್ತಿತ್ತು, ಈ ಚರ್ಚೆಯೇ ಬೇಕಾಗುತ್ತಿರಲಿಲ್ಲ.

ಬಂಗಾರಪೇಟೆ_ಲೋಕಲ್ · ಭಾನುವಾರ, ಬೆಳಿಗ್ಗೆ 10.25

ನಿಮ್ಮ ಕೊನೆಯ ವಾಕ್ಯ ಸರಿ, ಅದಕ್ಕೆ ಎದುರುತ್ತರವಿಲ್ಲ. ಗ್ರಾಹಕರನ್ನು ಬೇರ್ಪಡಿಸಲು ಕಂಟೇನರ್ ಗೋಡೆಯೊಂದನ್ನೇ ನಂಬಬಾರದು ಎಂಬುದೂ ಸರಿ. ಆದರೆ ಆರು ವರ್ಚುಯಲ್ ಯಂತ್ರಗಳನ್ನು ಮೂರು ಜನ ತಪ್ಪದೆ ನವೀಕರಿಸಿಕೊಂಡು ಹೋಗುತ್ತಾರೆಯೇ ಎಂಬುದನ್ನು ನಾನು ಕೇಳಬೇಕಾಗುತ್ತದೆ. ನವೀಕರಣವಿಲ್ಲದೆ ಬಿದ್ದಿರುವ ಆರು ಯಂತ್ರಗಳಿಗಿಂತ ಚೆನ್ನಾಗಿ ನೋಡಿಕೊಳ್ಳುವ ಒಂದೇ ಯಂತ್ರ ಮೇಲು.

ಇನ್ನೊಂದು ವಿಷಯ. ಇಲ್ಲಿ ದಾಳಿಕೋರರು ಯಾವ ಕರ್ನಲ್ ದೋಷವನ್ನೂ ಬಳಸಲಿಲ್ಲ, ಗೋಡೆ ಒಡೆಯಲಿಲ್ಲ, ನಾವೇ ತೆರೆದಿಟ್ಟ ಬಾಗಿಲಿನಿಂದ ನಾವೇ ಕೊಟ್ಟ ಅಧಿಕಾರ ಹಿಡಿದು ನಡೆದು ಬಂದರು. 2018ರಲ್ಲಿ ಟೆಸ್ಲಾದ ಕ್ಲೌಡ್‌ನಲ್ಲಿ ಗಣಿಗಾರಿಕೆ ನಡೆದದ್ದು ಗುಪ್ತಪದವಿಲ್ಲದ ಕುಬರ್ನೆಟಿಸ್ (ಹಲವು ಯಂತ್ರಗಳಲ್ಲಿ ಕಂಟೇನರ್ ನಡೆಸುವ ವ್ಯವಸ್ಥೆ) ನಿಯಂತ್ರಣ ಫಲಕದಿಂದ. ಡಾಕರ್‌ಗೆ ದೂರದಿಂದ ಆಜ್ಞೆ ಕೊಡುವ 2375 ಪೋರ್ಟನ್ನು ಗೂಢಲಿಪೀಕರಣವಿಲ್ಲದೆ ಹೊರಜಗತ್ತಿಗೆ ತೆರೆದಿಟ್ಟ ಸರ್ವರ್‌ಗಳನ್ನು ಹುಡುಕಿಕೊಂಡು ತಿರುಗುವ ಕುತಂತ್ರಾಂಶಗಳು ವರ್ಷಗಳಿಂದ ಇವೆ, ಕಿನ್ಸಿಂಗ್ ಅವುಗಳಲ್ಲೊಂದು. ನಾನು ನೋಡಿಕೊಳ್ಳುವ ಸರ್ವರ್‌ಗಳಲ್ಲಿ ಇಷ್ಟು ವರ್ಷಗಳಲ್ಲಿ ಸರಿಪಡಿಸಿದ ತೊಂದರೆಗಳೂ ಹೆಚ್ಚಾಗಿ ಇಂಥವೇ. ಆದ್ದರಿಂದ ನಾವೇ ತೆರೆದ ಬಾಗಿಲುಗಳನ್ನು ಮೊದಲು ಎಣಿಸೋಣ. ರನ್‌ಸಿ ದೋಷದ ಬಗ್ಗೆ ಆಮೇಲೆ ನಿದ್ದೆಗೆಡೋಣ.

ಆ ಎಣಿಕೆಯಲ್ಲಿ ನಾನು ಮೊದಲು ಹುಡುಕುವುದು ಡಾಕರ್ ಸಾಕೆಟ್ ಅನ್ನು, ಅಂದರೆ ಡಾಕರ್‌ಗೆ ಆಜ್ಞೆ ಕೊಡುವ ದಾರಿಯನ್ನು. ಯಾವುದಾದರೂ ಕಂಟೇನರ್‌ಗೆ ಡಾಕರ್.ಸಾಕ್ ಕಡತವನ್ನು ಮೌಂಟ್ ಮಾಡಿದ್ದೀರಾ, ಅಂದರೆ ಒಳಗೆ ಕಾಣುವಂತೆ ಜೋಡಿಸಿದ್ದೀರಾ? ನಿರ್ವಹಣಾ ಫಲಕಗಳು, ತಾನಾಗಿ ಇಮೇಜ್ ನವೀಕರಿಸುವ ಸಾಧನಗಳು ಇದನ್ನು ಕೇಳುತ್ತವೆ. ಆ ಸಾಕೆಟ್ ಸಿಕ್ಕವರು ಹೋಸ್ಟ್‌ನ ಇಡೀ ಡಿಸ್ಕನ್ನು ಮೌಂಟ್ ಮಾಡಿಕೊಂಡ ಹೊಸ ಕಂಟೇನರ್ ಎಬ್ಬಿಸಿ ಹೋಸ್ಟ್‌ನ ರೂಟ್ ಆಗಿಬಿಡುತ್ತಾರೆ. 'ಓದಲು ಮಾತ್ರ' ಎಂದು ಮೌಂಟ್ ಮಾಡಿದರೂ ಉಪಯೋಗವಿಲ್ಲ, ಏಕೆಂದರೆ ಆ ನಿರ್ಬಂಧ ಸಾಕೆಟ್ ಎಂಬ ಕಡತಕ್ಕೆ ಸಂಬಂಧಿಸಿದ್ದು. ಅದರ ಮೂಲಕ ಹೋಗುವ ಆಜ್ಞೆಗಳಿಗೆ ಅನ್ವಯಿಸುವುದಿಲ್ಲ.

ಗೂಡುಸಂತೆ, ಶಿಡ್ಲಘಟ್ಟ · ಭಾನುವಾರ, ಬೆಳಿಗ್ಗೆ 11.00

ಇದೇ ಎಣಿಕೆಗೆ ನನ್ನ ಕಡೆಯಿಂದಲೂ ಒಂದು ಸೇರಿಸುತ್ತೇನೆ, ಇದು ನಾನೇ ಮಾಡಿದ ತಪ್ಪು. ಇಲ್ಲಿ ರೇಷ್ಮೆ ರೀಲರ್‌ಗಳಿಗೆ ಗೂಡಿನ ತೂಕ ದಾಖಲಿಸುವ ಸಣ್ಣ ತಂತ್ರಾಂಶ ಮಾಡಿದ್ದೆ. ಎಲೆಕ್ಟ್ರಾನಿಕ್ ತಕ್ಕಡಿಯ ಯುಎಸ್‌ಬಿ ಪೋರ್ಟನ್ನು ಕಂಟೇನರ್ ಓದುತ್ತಿರಲಿಲ್ಲ. ಎಲ್ಲೋ ನೋಡಿ ಪ್ರಿವಿಲೇಜ್ಡ್ ಎಂಬ ಆಯ್ಕೆ ಹಾಕಿದೆ, ತೂಕ ಬಂತು, ಖುಷಿಯಾಗಿ ಬಿಟ್ಟುಬಿಟ್ಟೆ. ಆ ಒಂದು ಪದ ಸೆಕ್‌ಕಾಂಪ್ ಅನ್ನು ತೆಗೆದುಹಾಕುತ್ತದೆ, ಎಲ್ಲ ಕೇಪಬಿಲಿಟಿಗಳನ್ನೂ (ರೂಟ್ ಅಧಿಕಾರದ ತುಣುಕುಗಳು) ಕೊಡುತ್ತದೆ, ಹೋಸ್ಟ್‌ನ ಎಲ್ಲ ಸಾಧನಗಳನ್ನೂ, ಡಿಸ್ಕ್ ಸೇರಿ, ಒಳಗೆ ತೋರಿಸುತ್ತದೆ ಎಂದು ತಿಳಿದದ್ದು ಎಷ್ಟೋ ತಿಂಗಳ ನಂತರ. ಒಂದು ತಕ್ಕಡಿ ಓದಲು ಇಡೀ ಯಂತ್ರದ ಕೀಲಿಕೈ ಕೊಟ್ಟಿದ್ದೆ. ಡಿವೈಸಸ್ ಎಂಬ ಸಾಲಿನಲ್ಲಿ ಆ ಒಂದೇ ಪೋರ್ಟಿನ ಹೆಸರು ಬರೆದು, ಕಂಟೇನರ್‌ನ ಬಳಕೆದಾರರನ್ನು ಡಯಲ್‌ಔಟ್ (ಇಂಥ ಪೋರ್ಟ್ ಬಳಸಬಲ್ಲವರ) ಗುಂಪಿಗೆ ಸೇರಿಸಿದರೆ ಸಾಕಾಗಿತ್ತು.

ಈಗ ನಾನು ಪ್ರತಿ ಸೇವೆಯನ್ನೂ ಎಲ್ಲ ಕೇಪಬಿಲಿಟಿಗಳನ್ನು ಕಿತ್ತುಹಾಕಿ ಆರಂಭಿಸುತ್ತೇನೆ, ಯಾವುದಿಲ್ಲದೆ ಅದು ನಿಲ್ಲುತ್ತದೋ ಅದನ್ನು ಮಾತ್ರ ಮರಳಿ ಕೊಡುತ್ತೇನೆ. ರೂಟ್ ಅಲ್ಲದ ಬಳಕೆದಾರ, ನೋ-ನ್ಯೂ-ಪ್ರಿವಿಲೆಜಸ್ (ಆಮೇಲೆ ಹೆಚ್ಚಿನ ಅಧಿಕಾರ ಪಡೆಯದಂತೆ ತಡೆ) ಮತ್ತು ಓದಲು ಮಾತ್ರವಾದ ಕಡತ ವ್ಯವಸ್ಥೆ ನನ್ನ ಎಲ್ಲ ಕಂಪೋಸ್ ಕಡತಗಳಲ್ಲೂ ಈಗ ಇವೆ. ಬರೆಯಲೇಬೇಕಾದ ಟೆಂಪ್ ಡೈರೆಕ್ಟರಿಗೆ ನೋಎಕ್ಸೆಕ್ (ಪ್ರೋಗ್ರಾಂ ಓಡಿಸಲು ಬಿಡದ ಆಯ್ಕೆ) ಇರುವ ಟಿಎಂಪಿಎಫ್‌ಎಸ್ (ಮೆಮೊರಿಯಲ್ಲಿನ ತಾತ್ಕಾಲಿಕ ಜಾಗ) ಕೊಡಿ. ಕಿನ್ಸಿಂಗ್ ಸಾಮಾನ್ಯವಾಗಿ ತನ್ನ ಕಡತಗಳನ್ನು ಇಳಿಸಿ ಓಡಿಸುವುದು ಆ ಡೈರೆಕ್ಟರಿಯಿಂದಲೇ.

ತಿಪಟೂರು_ತೆಂಗು · ಭಾನುವಾರ, ಮಧ್ಯಾಹ್ನ 12.40

ನಾನು ಟ್ರಿವಿ ಎಂಬ ಸ್ಕ್ಯಾನರ್ ಬಳಸಿ ನನ್ನ ನೋಡ್ ಇಮೇಜ್ ಪರೀಕ್ಷಿಸಿದೆ. ನೂರಾರು ದೋಷಗಳ ಪಟ್ಟಿ ಬಂತು, ಅದರಲ್ಲಿ ಅರ್ಧಕ್ಕೂ ಹೆಚ್ಚಿನದರ ಹೆಸರನ್ನೇ ನಾನು ಕೇಳಿಲ್ಲ. ಇಷ್ಟನ್ನೂ ಒಬ್ಬ ಮನುಷ್ಯ ಸರಿಪಡಿಸುವುದು ಹೇಗೆ? ಆಲ್ಪೈನ್ ಎಂಬ ಚಿಕ್ಕ ಲಿನಕ್ಸ್‌ಗೆ ಬದಲಾಯಿಸಿದರೆ ಎಲ್ಲ ಹೋಗುತ್ತದೆ ಎನ್ನುತ್ತಾರೆ.

ಗೂಡುಸಂತೆ, ಶಿಡ್ಲಘಟ್ಟ · ಭಾನುವಾರ, ಮಧ್ಯಾಹ್ನ 2.15

ಪಟ್ಟಿ ನೋಡಿ ಹೆದರಬೇಡಿ. ದೊಡ್ಡ ಡೆಬಿಯನ್ ಆಧಾರದ ಇಮೇಜ್ ತೆಗೆದುಕೊಂಡರೆ ಅದರಲ್ಲಿ ಕಂಪೈಲರ್, ಚಿತ್ರ ಸಂಸ್ಕರಣೆಯ ಲೈಬ್ರರಿಗಳು, ಗಿಟ್ ಎಲ್ಲವೂ ಬರುತ್ತವೆ, ನಿಮ್ಮ ಅಪ್ಲಿಕೇಶನ್ ಅವುಗಳಲ್ಲಿ ಬಹುಪಾಲನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಒಂದೊಂದೇ ದೋಷ ಸರಿಪಡಿಸುವ ಬದಲು ಸಾಮಾನನ್ನೇ ಕಡಿಮೆ ಮಾಡಿ. ಡಾಕರ್‌ನಲ್ಲಿ 2017ರಿಂದ ಬಹುಹಂತದ ಬಿಲ್ಡ್ ಇದೆ: ಮೊದಲ ಹಂತದಲ್ಲಿ ಎಲ್ಲ ಸಾಧನಗಳಿಂದ ಕಟ್ಟಿ, ಎರಡನೆಯ ಹಂತದ ಚಿಕ್ಕ ಇಮೇಜ್‌ಗೆ ಸಿದ್ಧವಾದದ್ದನ್ನು ಮಾತ್ರ ನಕಲು ಮಾಡುವುದು. ಅದಾದ ಮೇಲೆ ಉಳಿಯುವ ಪಟ್ಟಿಯಲ್ಲಿ, ಪರಿಹಾರದ ಆವೃತ್ತಿ ಈಗಾಗಲೇ ಲಭ್ಯವಿರುವ ಗಂಭೀರ ದೋಷಗಳನ್ನು ಮಾತ್ರ ತೋರಿಸು ಎಂದು ಸ್ಕ್ಯಾನರ್‌ಗೆ ಹೇಳಿದರೆ ಸಂಜೆಯೊಳಗೆ ಮುಗಿಸಬಹುದಾದಷ್ಟೇ ಕೆಲಸ ಉಳಿಯುತ್ತದೆ.

ಆಲ್ಪೈನ್ ಚಿಕ್ಕದು, ಒಳ್ಳೆಯದು, ಆದರೆ ಮಂತ್ರದಂಡವಲ್ಲ. ಅದು ಗ್ಲಿಬ್‌ಸಿ ಬದಲು ಮಸ್ಲ್ ಎಂಬ ಬೇರೆ ಮೂಲ ಲೈಬ್ರರಿ ಬಳಸುವುದರಿಂದ ಕೆಲವು ನೋಡ್ ಮಾಡ್ಯೂಲ್‌ಗಳು ತೊಡಕು ಕೊಡುತ್ತವೆ. ಅದರ ಅಧಿಕೃತ ಡಾಕರ್ ಇಮೇಜ್‌ನಲ್ಲೇ 3.3 ಆವೃತ್ತಿಯಿಂದ ರೂಟ್ ಬಳಕೆದಾರರ ಗುಪ್ತಪದ ಖಾಲಿ ಇದ್ದ ದೋಷ 2019ರಲ್ಲಿ ಬಯಲಾಗಿತ್ತು. ಸ್ಕ್ಯಾನರ್ ಕೂಡ ತನಗೆ ಗೊತ್ತಿರುವ ದೋಷಗಳನ್ನು ಮಾತ್ರ ಹೇಳುತ್ತದೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ಕಡತ ಕುಗ್ಗಿಸುವ ಲೈಬ್ರರಿಯ 5.6.0 ಮತ್ತು 5.6.1ರಲ್ಲಿ ಬಚ್ಚಿಟ್ಟಿದ್ದ ಹಿಂಬಾಗಿಲನ್ನು ಯಾವ ಸ್ಕ್ಯಾನರೂ ಹಿಡಿಯಲಿಲ್ಲ. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಏಕೆ ಎಂದು ಹಟ ಹಿಡಿದು ಹುಡುಕಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಕಂಡುಹಿಡಿದರು. ಅವರು ಪೋಸ್ಟ್‌ಗ್ರೆಸ್ ಅಭಿವೃದ್ಧಿಪಡಿಸುವವರಲ್ಲಿ ಒಬ್ಬರು ಎಂಬುದು ನಮ್ಮ ಈ ಚರ್ಚೆಯಲ್ಲಿ ನೆನೆಯಬೇಕಾದ ಮಾತು.

'ಲೇಟೆಸ್ಟ್' ಎಂಬ ಟ್ಯಾಗನ್ನೂ ಬಿಡಿ. ಅದು ಕೇವಲ ಒಂದು ಹೆಸರು, ಇಂದು ಒಂದು ಇಮೇಜ್‌ಗೆ ಅಂಟಿದ್ದು ನಾಳೆ ಇನ್ನೊಂದಕ್ಕೆ ಅಂಟಿರುತ್ತದೆ. ಅದರ ಬದಲು ಶಾ-256 ಡೈಜೆಸ್ಟ್ (ಇಮೇಜ್‌ನ ಬೆರಳಚ್ಚಿನಂಥ ಸಂಖ್ಯೆ) ಬರೆದರೆ ನೀವು ಪರೀಕ್ಷಿಸಿದ ಇಮೇಜೇ ಓಡುತ್ತದೆ ಎಂಬ ಖಾತ್ರಿ ಇರುತ್ತದೆ. ಅದನ್ನು ಆಗಾಗ ಕೈಯಾರೆ ಬದಲಿಸುವ ಕೆಲಸ ನಿಮ್ಮದಾಗುತ್ತದೆ, ಅಷ್ಟೇ.

ಕ್ರೇಟ್‌ಲೆಕ್ಕ, ಕೋಲಾರ · ಭಾನುವಾರ, ಸಂಜೆ 6.30

ಗೂಡುಸಂತೆ ಅವರು ಹೇಳಿದಂತೆ ಪಕ್ಕದ ಕಂಟೇನರ್‌ನಿಂದ ಪರೀಕ್ಷಿಸಿದೆ. ಹಳೆಯ ಗುಪ್ತಪದವೇ ಕೆಲಸ ಮಾಡುತ್ತಿತ್ತು. ಈಗ ಬದಲಿಸಿದ್ದೇನೆ. ರೋಲ್‌ಗಳ ಪಟ್ಟಿ ತೆಗೆದಾಗ ನಾವು ಮಾಡದ ಒಂದು ಸೂಪರ್‌ಯೂಸರ್ ಹೆಸರು ಅಲ್ಲಿ ಕುಳಿತಿತ್ತು. ಅದನ್ನು ನೋಡಿದ ಮೇಲೆ ಗಣಿಗಾರಿಕೆಯ ಚಿಂತೆ ಹಿಂದೆ ಸರಿದು, ರೈತರ ಖಾತೆ ಸಂಖ್ಯೆಗಳ ಚಿಂತೆ ಹತ್ತಿದೆ. ಅವರು ಅವನ್ನು ಓದಿದರೇ, ನಕಲು ಮಾಡಿಕೊಂಡರೇ ಎಂದು ತಿಳಿಯುವ ದಾರಿ ಇದೆಯೇ? ನಮ್ಮ ಮೇಲೆ ಕಾನೂನಿನ ಹೊಣೆ ಏನು?

ಬಂಗಾರಪೇಟೆ_ಲೋಕಲ್ · ಭಾನುವಾರ, ರಾತ್ರಿ 8.00

ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ತಿಳಿಯುವ ದಾರಿ ಇದ್ದದ್ದು ನೀವು ಗುರುವಾರ ಅಳಿಸಿದ ಕಂಟೇನರ್‌ನಲ್ಲಿ. ಕಂಟೇನರ್ ಅಳಿಸಿದರೆ ಅದರ ಲಾಗ್ ಕೂಡ ಹೋಗುತ್ತದೆ, ಒಳಗೆ ಇಳಿಸಿದ್ದ ಕಡತಗಳೂ ಹೋಗುತ್ತವೆ. ಇಂಥ ಹೊತ್ತಿನಲ್ಲಿ ಮೊದಲು ಅದನ್ನು ಜಾಲದಿಂದ ಬಿಡಿಸಿ, ಪಾಸ್ (pause) ಆಜ್ಞೆಯಿಂದ ಇದ್ದಂತೆಯೇ ಹೆಪ್ಪುಗಟ್ಟಿಸಿ, ಡಿಫ್ ಆಜ್ಞೆಯಿಂದ ಯಾವ ಕಡತ ಹೊಸದಾಗಿ ಬಂದಿದೆ ನೋಡಿ, ಎಕ್ಸ್‌ಪೋರ್ಟ್ ಮಾಡಿ ಬೇರೆ ಯಂತ್ರದಲ್ಲಿ ಇಟ್ಟುಕೊಳ್ಳಬೇಕು. ಶುಕ್ರವಾರದ ಕಂಟೇನರ್ ಇನ್ನೂ ಇದ್ದರೆ ಈಗಲೇ ಹಾಗೆ ಮಾಡಿ. ಪೋಸ್ಟ್‌ಗ್ರೆಸ್ ಸಂಪರ್ಕಗಳನ್ನು ದಾಖಲಿಸುವ ಆಯ್ಕೆ ನೀವಾಗಿ ಆನ್ ಮಾಡಿರದಿದ್ದರೆ ಯಾರು ಎಲ್ಲಿಂದ ಬಂದರೆಂಬುದೂ ಲಾಗ್‌ನಲ್ಲಿ ಇರುವುದಿಲ್ಲ. ಸೂಪರ್‌ಯೂಸರ್ ಅಧಿಕಾರ ಅವರಿಗೆ ಸಿಕ್ಕಿತ್ತು ಎಂದ ಮೇಲೆ, ಎಲ್ಲವನ್ನೂ ಓದಿದ್ದಾರೆ ಎಂದೇ ಭಾವಿಸಿ ಮುಂದುವರಿಯಿರಿ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು, ಮತ್ತು ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಉಳಿಸಿಕೊಂಡಿರಬೇಕು. ಆರು ಗಂಟೆ ದಾಟಿದೆ ಎಂದು ಸುಮ್ಮನಾಗಬೇಡಿ, ಈ ರಾತ್ರಿಯೇ ಕಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ದತ್ತಾಂಶ ಸೋರಿದಾಗ ಸಂಬಂಧಪಟ್ಟ ವ್ಯಕ್ತಿಗಳಿಗೆ ತಿಳಿಸುವ ಹೊಣೆಯನ್ನು ಹೇಳುತ್ತದೆ. ಕಾಯ್ದೆಯ ಯಾವ ಅಂಶ ಎಂದಿನಿಂದ ಜಾರಿ ಎಂದು ಲೆಕ್ಕ ಹಾಕುತ್ತ ಕೂರಬೇಡಿ. ಖಾತೆ ಸಂಖ್ಯೆ ಮತ್ತು ಮೊಬೈಲ್ ಸಂಖ್ಯೆ ಎರಡೂ ಕೈಯಲ್ಲಿರುವ ಮೋಸಗಾರ "ಮಂಡಿಯಿಂದ ಮಾತನಾಡುತ್ತಿದ್ದೇವೆ, ನಿಮ್ಮ ಹಣ ನಿಂತಿದೆ, ಒಟಿಪಿ ಹೇಳಿ" ಎಂದರೆ ರೈತರು ನಂಬುತ್ತಾರೆ, ಏಕೆಂದರೆ ಎಷ್ಟು ಕ್ರೇಟು ಹಾಕಿದ್ದರೆಂಬುದೂ ಅವನಿಗೆ ಗೊತ್ತಿರುತ್ತದೆ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದನ್ನೂ ಅವರಿಗೆ ಹೇಳಿ.

ಸರ್ವರನ್ನು ತೊಳೆದು ಬಳಸುವ ಯೋಚನೆ ಬೇಡ. ಹೊಸ ಸರ್ವರ್ ತೆಗೆದುಕೊಳ್ಳಿ, ಇಮೇಜ್‌ಗಳನ್ನು ಮೂಲ ಕೋಡ್‌ನಿಂದ ಹೊಸದಾಗಿ ಕಟ್ಟಿ, ಹಳೆಯ ವಾಲ್ಯೂಮನ್ನು ಹಾಗೆಯೇ ಒಯ್ಯದೆ ಪಿಜಿಡಂಪ್ (ಡೇಟಾಬೇಸ್‌ನ ನಕಲು ತೆಗೆಯುವ ಸಾಧನ) ಮೂಲಕ ಸರಳ ಪಠ್ಯವಾಗಿ ತೆಗೆದು, ಅದರಲ್ಲಿ ನೀವು ಬರೆಯದ ಫಂಕ್ಷನ್, ಟ್ರಿಗರ್, ಎಕ್ಸ್‌ಟೆನ್ಷನ್ ಏನಾದರೂ ಇದೆಯೇ ಎಂದು ಕಣ್ಣಾರೆ ಓದಿ ನಂತರ ತುಂಬಿಸಿ. ಆ ಸರ್ವರ್‌ನಲ್ಲಿದ್ದ ಎಸ್‌ಎಂಎಸ್ ಸೇವೆಯ ಕೀಲಿ, ಬ್ಯಾಕಪ್‌ನ ಕೀಲಿ, ಎಲ್ಲವನ್ನೂ ರದ್ದುಮಾಡಿ ಹೊಸದು ಪಡೆಯಿರಿ.

ಮೇಷ್ಟ್ರು, ಚಿಂತಾಮಣಿ · ಭಾನುವಾರ, ರಾತ್ರಿ 8.45

ಕೀಲಿಗಳ ಮಾತು ಬಂದದ್ದರಿಂದ: ಅವು ಡಾಕರ್‌ಫೈಲ್ (ಇಮೇಜ್ ಕಟ್ಟುವ ಸೂಚನೆಗಳ ಕಡತ) ಮೂಲಕ ಇಮೇಜ್ ಒಳಗೆ ಹೋಗಿದ್ದವೇ ಎಂದು ಕೂಡ ನೋಡಿ. ಒಂದು ಸಾಲಿನಲ್ಲಿ ಕೀಲಿಯ ಕಡತ ನಕಲು ಮಾಡಿ ಮುಂದಿನ ಸಾಲಿನಲ್ಲಿ ಅಳಿಸಿದರೆ ಅದು ಅಳಿಯುವುದಿಲ್ಲ. ಇಮೇಜ್ ಪದರ ಪದರವಾಗಿರುವುದರಿಂದ ಮೇಲಿನ ಪದರ ಅದನ್ನು ಮರೆಮಾಡುತ್ತದೆ ಅಷ್ಟೇ, ಕೆಳಗಿನ ಪದರದಲ್ಲಿ ಅದು ಹಾಗೆಯೇ ಇರುತ್ತದೆ. ಬಿಲ್ಡ್ ಹೊತ್ತಿಗೆ ಬೇಕಾದ ಕೀಲಿಗೆ ಬಿಲ್ಡ್‌ಕಿಟ್‌ನ (ಡಾಕರ್‌ನ ಇಮೇಜ್ ಕಟ್ಟುವ ಸಾಧನ) ಸೀಕ್ರೆಟ್ ಮೌಂಟ್ ಇದೆ. ಓಡುವಾಗ ಬೇಕಾದದ್ದನ್ನು ಪರಿಸರ ಚರಾಂಶದ ಬದಲು ಕಂಪೋಸ್ ಸೀಕ್ರೆಟ್ಸ್ ಮೂಲಕ ಕಡತವಾಗಿ ಕೊಡಿ, ಪೋಸ್ಟ್‌ಗ್ರೆಸ್ ಇಮೇಜ್ ಗುಪ್ತಪದವನ್ನು ಕಡತದಿಂದ ಓದುವುದನ್ನು ಬೆಂಬಲಿಸುತ್ತದೆ. ಚರಾಂಶದಲ್ಲಿಟ್ಟದ್ದು ಇನ್‌ಸ್ಪೆಕ್ಟ್ ಆಜ್ಞೆ ಕೊಟ್ಟ ಯಾರಿಗೂ ಕಾಣುತ್ತದೆ.

ಕ್ರೇಟ್‌ಲೆಕ್ಕ, ಕೋಲಾರ · ಬುಧವಾರ, ರಾತ್ರಿ 10.10

ಭಾನುವಾರ ರಾತ್ರಿ ಸರ್ಟ್-ಇನ್‌ಗೆ ವರದಿ ಕಳಿಸಿದೆವು. ಸೋಮವಾರ ಮತ್ತು ಮಂಗಳವಾರ ಮಂಡಿಗಳು ಕಾಗದದ ಚೀಟಿಯಲ್ಲೇ ಲೆಕ್ಕ ಬರೆದವು. ಇಂದು ಬೆಳಿಗ್ಗೆ ಹೊಸ ಸರ್ವರ್‌ನಲ್ಲಿ ಕೆಲಸ ಆರಂಭವಾಗಿದೆ. ಹಳೆಯ ಡಂಪ್ ಓದುವಾಗ ನಾವು ಬರೆಯದ ಒಂದು ಫಂಕ್ಷನ್ ಸಿಕ್ಕಿತು. ಪಠ್ಯವಾಗಿ ತೆಗೆದು ಓದದಿದ್ದರೆ ಅದೂ ನಮ್ಮ ಜೊತೆಗೇ ಹೊಸ ಮನೆಗೆ ಬರುತ್ತಿತ್ತು. ಹಳೆಯ ಸರ್ವರ್‌ನಲ್ಲಿ ನಿರ್ವಹಣಾ ಫಲಕವೊಂದಕ್ಕೆ ಡಾಕರ್ ಸಾಕೆಟ್ ಮೌಂಟ್ ಆಗಿದ್ದದ್ದೂ ನಿಜ. ಅದನ್ನು ಹೊಸದರಲ್ಲಿ ಹಾಕಿಲ್ಲ. ಡೇಟಾಬೇಸ್ ಈಗ ಇಂಟರ್ನಲ್ ಜಾಲದಲ್ಲಿದೆ. ಒಳಗಿನಿಂದ ಹೊರಗಿನ ಯಾವುದಾದರೂ ವಿಳಾಸ ಕರೆದರೆ ಉತ್ತರ ಬರುವುದಿಲ್ಲ. ಮುಳಬಾಗಿಲಿನ ಅವರ ಮಾತಿನಲ್ಲಿ ಅರ್ಧವನ್ನು ಒಪ್ಪಿ, ಡೇಟಾಬೇಸ್ ಅನ್ನು ಅಪ್ಲಿಕೇಶನ್‌ನಿಂದ ಬೇರೆ ವರ್ಚುಯಲ್ ಯಂತ್ರಕ್ಕೆ ಒಯ್ಯಲು ನಿರ್ಧರಿಸಿದ್ದೇವೆ, ಆದರೆ ಅದು ಮುಂದಿನ ತಿಂಗಳ ಕೆಲಸ.

ಯುಎಫ್‌ಡಬ್ಲ್ಯೂ ಹೇಳಿದ್ದನ್ನು ಈ ಸಲ ನಂಬಲಿಲ್ಲ. ಮನೆಯ ಅಂತರಜಾಲದಿಂದ ಎನ್‌ಮ್ಯಾಪ್ (ತೆರೆದ ಪೋರ್ಟ್ ಹುಡುಕುವ ಸಾಧನ) ಹಚ್ಚಿ 65,535 ಪೋರ್ಟ್‌ಗಳನ್ನೂ ತಟ್ಟಿ ನೋಡಿದೆವು. ಮೂರು ತೆರೆದಿವೆ: 22, 80, 443. ಇದನ್ನು ಪ್ರತಿ ರಾತ್ರಿ ತಾನಾಗಿ ಓಡಿಸಿ, ನಾಲ್ಕನೆಯದು ಕಂಡರೆ ಮೂವರಿಗೂ ಸಂದೇಶ ಬರುವಂತೆ ಮಾಡಿದ್ದೇವೆ.

ರೈತರಿಗೆ ಎಸ್‌ಎಂಎಸ್ ಕಳಿಸಿದರೆ ಅದನ್ನೇ ಮೋಸದ ಸಂದೇಶ ಎಂದುಕೊಂಡಾರು ಎಂದು ಮಂಡಿಯವರು ಹೇಳಿದ್ದರಿಂದ, ಇಂದಿನಿಂದ ಹರಾಜಿನ ಹೊತ್ತಿಗೆ ಮೂವರೂ ಎರಡೆರಡು ಮಂಡಿ ಹಂಚಿಕೊಂಡು ನಿಂತು, ಚೀಟಿ ಪಡೆಯಲು ಬರುವ ಒಬ್ಬೊಬ್ಬರಿಗೂ ಬಾಯಲ್ಲೇ ಹೇಳುತ್ತಿದ್ದೇವೆ. ಇಂದು ಶ್ರೀನಿವಾಸಪುರದ ಕಡೆಯ ಹಿರಿಯರೊಬ್ಬರು ಪೂರ್ತಿ ಕೇಳಿಸಿಕೊಂಡು, "ನನ್ನ ಖಾತೆ ನಂಬರು ನಿಮ್ಮ ಹತ್ರ ಯಾಕಪ್ಪ ಇರಬೇಕು, ಮಂಡಿಯವರ ಹತ್ರ ಇದೆಯಲ್ಲ?" ಎಂದು ಕೇಳಿದರು. ಪಾವತಿ ಮಾಡುವುದು ಮಂಡಿಯವರ ಬ್ಯಾಂಕ್ ವ್ಯವಸ್ಥೆಯಿಂದ. ನಮ್ಮ ತಂತ್ರಾಂಶ ಆ ಸಂಖ್ಯೆಯನ್ನು ಚೀಟಿಯ ಮೇಲೆ ಮುದ್ರಿಸುವುದಕ್ಕಷ್ಟೇ ಬಳಸುತ್ತಿತ್ತು. ಕೊನೆಯ ನಾಲ್ಕು ಅಂಕಿಗಳನ್ನು ಉಳಿಸಿ ಉಳಿದದ್ದನ್ನು ಕೋಷ್ಟಕದಿಂದ ಮತ್ತು ಹಳೆಯ ಬ್ಯಾಕಪ್‌ಗಳಿಂದ ತೆಗೆಯುವ ಕೆಲಸವನ್ನು ಇಂದು ಸಂಜೆ ಶುರುಮಾಡಿದ್ದೇವೆ.